ಬದುವಿನ ಮೇಲೆ ತಂಗಡಿ ಇರಲಿ: ಟೊಮೆಟೊ, ಬದನೆ ಬೆಳೆಗಾರರಿಗೆ ಒಂದು ಬಹಿರಂಗ ಪತ್ರ

ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಟೊಮೆಟೊ, ಬದನೆ ಬೆಳೆಯುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ,



ಈ ಸಲ ರಾಗಿ ಬಿತ್ತುವ ಹೊತ್ತಿಗೆ ನಿಮ್ಮ ಹೊಲದ ಒಂದು ಬದುವಿನ ಮೇಲಾದರೂ ಒಂದು ಹಿಡಿ ತಂಗಡಿ ಬೀಜ ಹಾಕಿ ಎಂದು ಕೇಳಿಕೊಳ್ಳಲು ಈ ಕಾಗದ ಬರೆಯುತ್ತಿದ್ದೇನೆ. ಬದುವಿನಲ್ಲಿ ಈಗಾಗಲೇ ತಂಗಡಿ ಇದ್ದರೆ ಅದನ್ನು ಬುಡಸಮೇತ ಕೀಳಿಸಬೇಡಿ, ಕಳೆನಾಶಕ ಹೊಡೆಸಬೇಡಿ. ಕೇಳುವುದು ಇಷ್ಟೇ. ಯಾಕೆ ಕೇಳುತ್ತಿದ್ದೇನೆ ಅನ್ನುವುದಕ್ಕೆ ಮಾತ್ರ ಸ್ವಲ್ಪ ವಿವರ ಬೇಕು. ಬಿಡುವು ಮಾಡಿಕೊಂಡು ಓದಿ.

ತಂಗಡಿ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆವರಿಕೆ ಅನ್ನುವವರಿದ್ದಾರೆ, ಹೊನ್ನಾವರಿಕೆ ಅನ್ನುವವರಿದ್ದಾರೆ, ಮನೆಯಲ್ಲಿ ತೆಲುಗು ಆಡುವವರು ತಂಗೇಡು ಅನ್ನುತ್ತಾರೆ. ಗೋಮಾಳ, ಗುಂಡುತೋಪಿನ ಅಂಚು, ಬಂಡೆಯ ಬುಡ, ರೈಲು ಹಳಿಯ ಪಕ್ಕ, ಹೀಗೆ ಯಾರೂ ನೀರು ಹಾಯಿಸದ, ಗೊಬ್ಬರ ಹಾಕದ ಕಡೆಯಲ್ಲೇ ಆಳೆತ್ತರ ಬೆಳೆದು ಹಳದಿ ಹೂವಿನ ಗೊಂಚಲು ತುಂಬಿಕೊಂಡು ನಿಲ್ಲುತ್ತದೆ. ಒಮ್ಮೆ ಬೇರು ಇಳಿಸಿದರೆ ವರ್ಷಗಟ್ಟಲೆ ಬದುಕುವ ಗಿಡ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮುಳ್ಳಿಲ್ಲ. ಆಡು, ದನ ಅದರ ಸೊಪ್ಪಿಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಆದ್ದರಿಂದ ಬೇಲಿಯ ಚಿಂತೆಯೂ ಇಲ್ಲ. ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮ ಸೀಮೆ ಅದಕ್ಕೆ ಧಾರಾಳವಾಯಿತು, ಇನ್ನೂ ಒಣನೆಲದಲ್ಲೂ ಅದು ಬಾಳುತ್ತದೆ. ತೆಲಂಗಾಣದವರು ಇದನ್ನು ತಮ್ಮ ರಾಜ್ಯದ ಹೂವೆಂದು ಘೋಷಿಸಿಕೊಂಡಿದ್ದಾರೆ, ಬತುಕಮ್ಮ ಹಬ್ಬದಲ್ಲಿ ತಟ್ಟೆಯ ಮೇಲೆ ಸುತ್ತುಸುತ್ತಾಗಿ ಪೇರಿಸಿ ಪೂಜಿಸುತ್ತಾರೆ. ನಮ್ಮ ಹಿರಿಯರು ಇದರ ಸೊಪ್ಪನ್ನು ಹೊಂಗೆ, ಎಕ್ಕದ ಸೊಪ್ಪಿನ ಜೊತೆ ಕೆರೆ ಹಿಂದಿನ ಗದ್ದೆಗೆ ತುಳಿಸುತ್ತಿದ್ದರು. ತೊಗಟೆ ಚರ್ಮ ಹದ ಮಾಡುವವರ ಬಳಿಗೆ ಹೋಗುತ್ತಿತ್ತು. ಆಫ್ರಿಕಾದ ವ್ಯಾಟಲ್ ತೊಗಟೆ ಬಂದಮೇಲೆ ಆ ವ್ಯಾಪಾರ ಬಿತ್ತು, ಗೊಬ್ಬರದ ಮೂಟೆ ಬಂದಮೇಲೆ ಸೊಪ್ಪು ತುಳಿಸುವುದೂ ನಿಂತಿತು. ಉಪಯೋಗವಿಲ್ಲದ ಗಿಡ ಅನ್ನಿಸಿಕೊಂಡದ್ದು ಆಮೇಲೆ.

ಉಪಯೋಗವಿಲ್ಲ ಅನ್ನುವ ಈ ಮಾತೇ ಸರಿಯಲ್ಲ ಎಂದು ತೋರಿಸುವುದಕ್ಕೆ ಟೊಮೆಟೊ ಹೂವಿನಿಂದ ಶುರು ಮಾಡುತ್ತೇನೆ.

ಟೊಮೆಟೊ ಹೂವನ್ನು ಬಗ್ಗಿಸಿ ನೋಡಿ. ನಡುವೆ ಹಳದಿ ಬಣ್ಣದ ಒಂದು ಮೊನೆ ಇರುತ್ತದೆ. ಅದು ಪರಾಗಕೋಶಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಆದ ಕೊಳವೆ. ಕುಂಬಳ, ಸೂರ್ಯಕಾಂತಿಯಲ್ಲಿ ಹಾಗಲ್ಲ, ಪುಡಿ ಹೊರಗೇ ಕಾಣುತ್ತದೆ, ಯಾವ ಹುಳ ಬಂದು ಕೂತರೂ ಮೈಗೆ ಮೆತ್ತುತ್ತದೆ. ಟೊಮೆಟೊದಲ್ಲಿ ಪುಡಿ ಒಳಗೆ ಇರುತ್ತದೆ, ಅಲುಗಿಸಿದರೆ ಮಾತ್ರ ತುದಿಯಿಂದ ಉದುರುತ್ತದೆ. ಬದನೆಯದೂ ಇದೇ ರೀತಿ: ಪ್ರತಿ ಪರಾಗಕೋಶದ ತುದಿಯಲ್ಲಿ ಸಣ್ಣ ತೂತು, ಉಪ್ಪಿನ ಡಬ್ಬಿಯ ಮುಚ್ಚಳಕ್ಕೆ ಇರುವಂತೆ. ಟೊಮೆಟೊ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಬಲ್ಲದು, ಗಾಳಿಗೆ ಗೊಂಚಲು ತೂಗಿದರೂ ಒಂದಿಷ್ಟು ಪುಡಿ ಉದುರುತ್ತದೆ. ಆದರೆ ಒಂದಿಷ್ಟು ಉದುರುವುದಕ್ಕೂ ಚೆನ್ನಾಗಿ ಉದುರುವುದಕ್ಕೂ ವ್ಯತ್ಯಾಸ ಇದೆ. ಹೆಚ್ಚು ಪರಾಗ ಬಿದ್ದರೆ ಹೆಚ್ಚು ಬೀಜ ಕಟ್ಟುತ್ತದೆ, ಹೆಚ್ಚು ಬೀಜ ಕಟ್ಟಿದ ಹಣ್ಣು ದಪ್ಪಗೆ, ದುಂಡಗೆ ಬರುತ್ತದೆ. 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ ಮಾರುವ ನಮಗೆ ಹಣ್ಣಿನ ದಪ್ಪ, ಆಕಾರ ಏನು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. ಬದನೆಗಂತೂ ಹುಳದ ನೆರವು ಟೊಮೆಟೊಗಿಂತಲೂ ಹೆಚ್ಚು ಬೇಕು.

ಹಾಗಾದರೆ ಅಲುಗಿಸುವವರು ಯಾರು? ಜೇನು ಅಂದುಕೊಳ್ಳುತ್ತೇವೆ. ಅಲ್ಲ. ತುಡುವೆ, ಹೆಜ್ಜೇನು, ಕೋಲುಜೇನು ಯಾವುದಕ್ಕೂ ಈ ವಿದ್ಯೆ ಇಲ್ಲ. ಜೇನುಪೆಟ್ಟಿಗೆ ತಂದು ಟೊಮೆಟೊ ತೋಟದಲ್ಲಿ ಇಟ್ಟರೆ ಅವು ಬೇರೆ ಹೂವಿಗೆ ಹೋಗುತ್ತವೆಯೇ ಹೊರತು ಟೊಮೆಟೊ ಹೂವನ್ನು ಹೆಚ್ಚಾಗಿ ಮೂಸುವುದಿಲ್ಲ, ಅದರಲ್ಲಿ ಅವಕ್ಕೆ ಬೇಕಾದ ಮಕರಂದವೇ ಇಲ್ಲ. ಈ ವಿದ್ಯೆ ಗೊತ್ತಿರುವುದು ಒಂಟಿಯಾಗಿ ಬಾಳುವ ಕೆಲವು ಹುಳಗಳಿಗೆ. ಅವುಗಳಲ್ಲಿ ದೊಡ್ಡದು ನಮ್ಮ ಕರಿ ದುಂಬಿ. ಹಳೇ ಮನೆಯ ತೊಲೆ, ಒಣಬಿದಿರು ಕೊರೆದು ಗೂಡು ಮಾಡುವ, ಬಿಸಿಲಿಗೆ ರೆಕ್ಕೆ ನೀಲಿಯಾಗಿ ಹೊಳೆಯುವ ದುಂಬಿ. ಇನ್ನೊಂದು, ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಜೇನಿನ ಗಾತ್ರದ ಹುಳ. ಅದು ಮಣ್ಣಿನಲ್ಲಿ, ಮಣ್ಣುಗೋಡೆಯಲ್ಲಿ ಬಿಲ ಮಾಡುತ್ತದೆ. ಇವು ಹೂವಿನ ಪರಾಗಕೋಶವನ್ನು ಕಾಲಿನಿಂದ, ದವಡೆಯಿಂದ ಬಿಗಿಯಾಗಿ ಹಿಡಿದುಕೊಂಡು ರೆಕ್ಕೆ ಬಡಿಯದೆಯೇ ಹಾರುವ ಸ್ನಾಯುಗಳನ್ನು ಸೆಕೆಂಡಿಗೆ ನೂರಾರು ಬಾರಿ ನಡುಗಿಸುತ್ತವೆ. ಆ ನಡುಕಕ್ಕೆ ಪುಡಿ ತೂತಿನಿಂದ ಚಿಮ್ಮಿ ಅವುಗಳ ಹೊಟ್ಟೆಗೆ, ಎದೆಗೆ ಮೆತ್ತುತ್ತದೆ. ಬೆಳಿಗ್ಗೆ ಬದನೆ ಸಾಲಿನಲ್ಲಿ ನಿಂತು ಕಿವಿಗೊಟ್ಟರೆ ಕೇಳಿಸುತ್ತದೆ: ಹಾರುವಾಗ ಒಂದು ದನಿ, ಹೂವಿಗೆ ಕೂತಾಗ ಅದಕ್ಕಿಂತ ಚೂಪಾದ ಇನ್ನೊಂದು ದನಿ. ಆ ಎರಡನೆಯ ದನಿ ಕೇಳಿಸಿತೆಂದರೆ ನಿಮ್ಮ ಬೆಳೆಗೆ ಕೂಲಿಯಿಲ್ಲದೆ ಕೆಲಸ ನಡೆಯುತ್ತಿದೆ ಎಂದು ತಿಳಿಯಿರಿ.

ಯುರೋಪಿನ ಹಸಿರುಮನೆಗಳಲ್ಲಿ ಒಂದು ಕಾಲಕ್ಕೆ ಆಳುಗಳು ವಿದ್ಯುತ್ತಿನ ಸಲಕರಣೆ ಹಿಡಿದು ಟೊಮೆಟೊ ಗೊಂಚಲುಗಳನ್ನು ಒಂದೊಂದಾಗಿ ನಡುಗಿಸುತ್ತಾ ಹೋಗುತ್ತಿದ್ದರು. 1980ರ ದಶಕದಲ್ಲಿ ಬೆಲ್ಜಿಯಂನ ಪಶುವೈದ್ಯ ರೋಲಾಂ ದ ಯಾಂಗ್ ಈ ಕೆಲಸವನ್ನು ಬಂಬಲ್‌ಬೀಗಳು ಮಾಡುವುದನ್ನು ಗಮನಿಸಿ 1987ರಲ್ಲಿ ಅವುಗಳನ್ನು ಸಾಕಿ ಮಾರುವ ಕಂಪನಿಯನ್ನೇ ಕಟ್ಟಿದರು. ಇವತ್ತು ಅಲ್ಲಿಯ ಬೆಳೆಗಾರರು ರಟ್ಟಿನ ಪೆಟ್ಟಿಗೆಯಲ್ಲಿ ಆ ಹುಳಗಳನ್ನು ದುಡ್ಡು ಕೊಟ್ಟು ತರಿಸುತ್ತಾರೆ. ಆಸ್ಟ್ರೇಲಿಯಾದ ಮುಖ್ಯ ಭೂಭಾಗಕ್ಕೆ ಬಂಬಲ್‌ಬೀ ತರಲು ಅನುಮತಿಯಿಲ್ಲ. ಅಲ್ಲಿಯ ವಿಜ್ಞಾನಿಗಳು ತಮ್ಮ ನೆಲದ ನೀಲಿಪಟ್ಟೆ ಹುಳವನ್ನೇ ಹಸಿರುಮನೆಯೊಳಗೆ ಬಿಟ್ಟು ನೋಡಿ, ಟೊಮೆಟೊ ತೂಕ ಹೆಚ್ಚಾಗುವುದನ್ನು ಕಂಡರು. ಆ ನೀಲಿಪಟ್ಟೆಯ ಹತ್ತಿರದ ಬಂಧುವೇ ನಮ್ಮ ಹೊಲದಲ್ಲಿರುವುದು. ನಾವು ಯಾರಿಂದಲೂ ಕೊಳ್ಳಬೇಕಾಗಿಲ್ಲ. ಅವುಗಳಿಗೆ ವರ್ಷವಿಡೀ ಹೊಟ್ಟೆಗೆ ಸಿಗುವಂತೆ ನೋಡಿಕೊಂಡರೆ ಸಾಕು.

ತೊಡಕು ಇರುವುದು ಆ ವರ್ಷವಿಡೀ ಅನ್ನುವಲ್ಲಿ. ಟೊಮೆಟೊ ನಾಟಿ ಮಾಡಿದ ಮೇಲೆ ಮೂರು ನಾಲ್ಕು ತಿಂಗಳು. ಆಮೇಲೆ ಕಡ್ಡಿ ಕಿತ್ತು, ಬಳ್ಳಿ ಒಣಗಿಸಿ, ಹೊಲ ಖಾಲಿ. ಹೆಣ್ಣು ದುಂಬಿ ಮರದೊಳಗಿನ ಒಂದೊಂದು ಕೋಣೆಯಲ್ಲೂ ಪರಾಗ, ಮಕರಂದ ಕಲಸಿ ಉಂಡೆ ಕಟ್ಟಿ, ಅದರ ಮೇಲೆ ಒಂದೇ ಒಂದು ಮೊಟ್ಟೆ ಇಟ್ಟು, ಕೋಣೆಗೆ ಮುಚ್ಚಳ ಹಾಕುತ್ತದೆ. ಜೇನಿನ ಹಾಗೆ ಸಾವಿರಗಟ್ಟಲೆ ಸಂತಾನ ಅದಕ್ಕಿಲ್ಲ, ಒಂದು ಗೂಡಿನಲ್ಲಿ ಬೆರಳೆಣಿಕೆಯಷ್ಟು ಮರಿ. ಉಂಡೆ ಕಟ್ಟಲು ಪರಾಗ ಸಿಗದ ಕಾಲದಲ್ಲಿ ಅದು ಮೊಟ್ಟೆ ಇಡುವುದಿಲ್ಲ. ಒಮ್ಮೆ ಕಡಿಮೆಯಾದರೆ ಮತ್ತೆ ಹೆಚ್ಚಾಗುವುದು ನಿಧಾನ.

ತಂಗಡಿ ಬರುವುದು ಇಲ್ಲಿ. ಮಳೆ ಹಿಡಿದಮೇಲೆ ಅದು ತುಂಬಿ ಅರಳುತ್ತದೆ, ಚಳಿಗಾಲದವರೆಗೂ ಹೂ ಬಿಡುತ್ತದೆ, ಉಳಿದ ತಿಂಗಳುಗಳಲ್ಲೂ ಅಲ್ಲೊಂದು ಇಲ್ಲೊಂದು ಗೊಂಚಲು ಇದ್ದೇ ಇರುತ್ತದೆ. ಅದರ ಹೂವಿನ ರಚನೆ ನೋಡಿದಷ್ಟೂ ನನಗೆ ಬೆರಗು. ಹತ್ತು ಕೇಸರಗಳು, ಎಲ್ಲ ಒಂದೇ ತರಹ ಇಲ್ಲ. ಮೇಲಿನವು ಬಂಜೆ, ಹೆಸರಿಗೆ ಮಾತ್ರ ಇರುವಂಥವು. ನಡುವಿನವು ಗಿಡ್ಡ, ದುಂಬಿ ಹಿಡಿದು ನಡುಗಿಸುವುದು ಇವನ್ನೇ, ಇವುಗಳ ಪುಡಿ ಅದರ ಊಟ. ಕೆಳಗಿನವು ಉದ್ದಕ್ಕೆ ಬಾಗಿರುತ್ತವೆ. ದುಂಬಿ ಊಟದ ಗಮನದಲ್ಲಿರುವಾಗ ಇವು ತಮ್ಮ ಪುಡಿಯನ್ನು ಅದರ ಮೈಯ ಪಕ್ಕಕ್ಕೆ, ಅದರ ಕಾಲು ಸುಲಭಕ್ಕೆ ಎಟುಕದ ಕಡೆಗೆ ಬಳಿಯುತ್ತವೆ. ಇನ್ನೂ ಒಂದಿದೆ. ಕೆಲವು ಹೂಗಳಲ್ಲಿ ಶಲಾಕೆ, ಅಂದರೆ ಪುಡಿ ತೆಗೆದುಕೊಳ್ಳುವ ಹೆಣ್ಣು ಭಾಗ, ಎಡಕ್ಕೆ ಬಾಗಿರುತ್ತದೆ, ಕೆಲವುಗಳಲ್ಲಿ ಬಲಕ್ಕೆ. ಒಂದು ಹೂವು ದುಂಬಿಯ ಒಂದು ಪಕ್ಕಕ್ಕೆ ಬಳಿದ ಪುಡಿಯನ್ನು ಆಚೆ ದಿಕ್ಕಿಗೆ ಬಾಗಿದ ಇನ್ನೊಂದು ಹೂವು ತೆಗೆದುಕೊಳ್ಳುತ್ತದೆ. ಮಕರಂದ ಈ ಹೂವಿನಲ್ಲಿ ಹನಿಯೂ ಇಲ್ಲ. ಇಲ್ಲಿಗೆ ಬರುವುದು ಪರಾಗಕ್ಕಾಗಿಯೇ, ನಡುಗಿಸಲು ಗೊತ್ತಿರುವ ಹುಳವೇ. ಅಂದರೆ ನಮ್ಮ ಟೊಮೆಟೊಗೆ, ಬದನೆಗೆ ಬೇಕಾದ ಅದೇ ಕೆಲಸಗಾರ. ಜೇನೂ ಸುಳಿಯುತ್ತದೆ, ಆದರೆ ದುಂಬಿ ಕೆಡವಿಹೋದ ಪುಡಿಯನ್ನು ಆಯ್ದುಕೊಳ್ಳುವುದಷ್ಟೇ ಅದರ ಪಾಲು.

ಮಕರಂದ ಇಲ್ಲದ ಕಾರಣ ತಂಗಡಿಯೊಂದೇ ಸಾಲುವುದಿಲ್ಲ ಎಂಬುದನ್ನೂ ಹೇಳಬೇಕು. ಹಾರುವ ಶಕ್ತಿಗೆ ದುಂಬಿಗೆ ಸಿಹಿ ಬೇಕು. ಅದನ್ನು ಕೊಡುವುದು ಎಕ್ಕ, ಬೇಸಿಗೆಯಲ್ಲಿ ಹೊಂಗೆ, ಮಳೆ ಮುಗಿಯುವ ಹೊತ್ತಿಗೆ ಹುಚ್ಚೆಳ್ಳು, ತುಂಬೆ. ಎಕ್ಕದ ಹೂವಿಗೂ ಈ ಕರಿ ದುಂಬಿಯೇ ಮುಖ್ಯ ಅತಿಥಿ. ಬದುವಿನಲ್ಲಿ ತಂಗಡಿಯ ನಡುವೆ ಎರಡು ಎಕ್ಕ, ಮೂಲೆಯಲ್ಲಿ ಒಂದು ಹೊಂಗೆ ಇದ್ದರೆ ಊಟ ಪೂರ್ತಿಯಾಯಿತು.

ಇವೆಲ್ಲ ಮೊದಲು ನಮ್ಮಲ್ಲಿ ತಾವಾಗಿಯೇ ಇದ್ದವು. ಎರಡೂ ಜಿಲ್ಲೆ ಒಂದಾಗಿದ್ದ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಹೊಲಹೊಲಕ್ಕೂ ಬಂತು. ಕುರುಚಲು ಇದ್ದ ಕಡೆಯೆಲ್ಲ ನೀಲಗಿರಿ ತೋಪಾಯಿತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಹೋದ ಕುರುಚಲು ತಾನಾಗಿ ವಾಪಸು ಬರಲಿಲ್ಲ. ತೋಪು ತೆಗೆಸಿದ ಜಾಗದಲ್ಲಿ ಜೆಸಿಬಿ ತಂದು ಬದುಗಳನ್ನೂ ಸೇರಿಸಿ ಮಟ್ಟ ಮಾಡಿಸಿದರು. ಉಳಿದ ಬದುಗಳಿಗೆ ಆಳು ಸಿಗದ ಕಾರಣಕ್ಕೆ ಕಳೆನಾಶಕ. ಹೊಲದೊಳಗೆ ಅಂಚಿನಿಂದ ಅಂಚಿಗೆ ಮಲ್ಚಿಂಗ್ ಪೇಪರ್. ಆಳಿನ ಕಷ್ಟ ನನಗೆ ಗೊತ್ತು, ಪೇಪರ್ ಹಾಕಿದರೆ ನೀರು ಉಳಿಯುವುದೂ ಗೊತ್ತು. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ನೆಲದಲ್ಲಿ ಬಿಲ ಮಾಡುವ ನೀಲಿಪಟ್ಟೆಗೆ ಆ ಹೊಲದಲ್ಲಿ ಉಳಿದಿರುವ ಬರಿಮಣ್ಣು ಬದು ಮಾತ್ರ ಎಂಬುದು ನೆನಪಿರಲಿ. ಹೂ ಉದುರುತ್ತಿದೆ ಎಂದು ನಾವು ಹಾರ್ಮೋನು ಹೊಡೆಯುತ್ತೇವೆ, ಕಾಯಿ ಸಣ್ಣದಾಯಿತೆಂದು ಗೊಬ್ಬರ ಹೆಚ್ಚಿಸುತ್ತೇವೆ. ಬಿಸಿಲು ಹೆಚ್ಚಿದಾಗ ಹೂ ಉದುರುವುದು ಬೇರೆ ಸಂಗತಿ, ಅದಕ್ಕೆ ದುಂಬಿ ಮದ್ದಲ್ಲ. ಆದರೆ ಹವೆ ಸರಿಯಿದ್ದೂ ಕಾಯಿ ಸರಿಯಾಗಿ ಕಟ್ಟದಿದ್ದರೆ ಔಷಧಿ ಅಂಗಡಿಗೆ ಹೋಗುವ ಮೊದಲು, ಹೂವಿಗೆ ಹುಳ ಬರುತ್ತಿದೆಯೇ ಎಂದು ಒಂದು ಬೆಳಿಗ್ಗೆ ನಿಂತು ನೋಡಿ.

ನೀವು ಕೇಳಬಹುದಾದ ಪ್ರಶ್ನೆಗಳು ಕೆಲವಿವೆ. ತಂಗಡಿ ಹೂವೇ ಹತ್ತಿರದಲ್ಲಿ ಸಿಕ್ಕರೆ ದುಂಬಿ ಟೊಮೆಟೊಗೆ ಯಾಕೆ ಬರಬೇಕು? ಒಳ್ಳೆಯ ಪ್ರಶ್ನೆ. ತಂಗಡಿ ಮೈತುಂಬ ಅರಳಿ ನಿಂತ ದಿನಗಳಲ್ಲಿ ಅದು ಬದುವಿನ ಕಡೆಗೇ ಹೆಚ್ಚು ಒಲಿಯಬಹುದು. ಅದಕ್ಕೆ ದಾರಿ ಸುಲಭ. ಟೊಮೆಟೊ ಮೊದಲ ಹೂ ಕಾಣುವ ಹೊತ್ತಿಗೆ ಬದುವಿನ ತಂಗಡಿಯಲ್ಲಿ ಒಂದು ಬಿಟ್ಟು ಒಂದು ಗಿಡದ ರೆಂಬೆ ಕತ್ತರಿಸಿ. ಕತ್ತರಿಸಿದ ಸೊಪ್ಪು ಸಾಲಿನ ನಡುವೆ ಮುಚ್ಚಿಗೆಗೆ ಆಯಿತು. ಬೆಳೆ ಮುಗಿಯುವಷ್ಟರಲ್ಲಿ ಗಿಡ ಚಿಗುರಿ ಮತ್ತೆ ಹೂವಿಗೆ ಬರುತ್ತದೆ, ಹೊಲ ಖಾಲಿಯಾದಾಗ ದುಂಬಿಗೆ ಅನ್ನವಿರುತ್ತದೆ. ನಮಗೆ ಬೇಕಾದದ್ದು ದುಂಬಿ ನಮ್ಮ ಹೊಲದ ಆಸುಪಾಸಿನಲ್ಲೇ ಗೂಡು ಮಾಡಿ, ಮುಂದಿನ ನಾಟಿಯ ಹೊತ್ತಿಗೂ ಇರುವುದು.

ಇನ್ನೊಂದು, ಹುಳದ ಭಯ. ತಂಗಡಿ ಎಲೆಯ ಮೇಲೆ ಹಸಿರು ಕಂಬಳಿಹುಳ ಕಂಡರೆ ಗಾಬರಿಯಾಗಬೇಡಿ. ಹೊಲದ ಮೇಲೆ ಹಿಂಡುಹಿಂಡಾಗಿ ಹಾರಿಹೋಗುವ ತಿಳಿಹಳದಿ, ಬಿಳಿ ಚಿಟ್ಟೆಗಳ ಮರಿಗಳವು. ತಂಗಡಿ, ಕಕ್ಕೆಯಂಥ ಗಿಡಗಳನ್ನು ಬಿಟ್ಟು ಟೊಮೆಟೊ ಮುಟ್ಟುವುದಿಲ್ಲ. ತಂಗಡಿಯ ಎಲೆದಂಟಿನ ಮೇಲೆ ಸಣ್ಣ ಗ್ರಂಥಿಗಳಿವೆ, ಅದರ ಸಿಹಿಗೆ ಇರುವೆಗಳು ಬರುತ್ತವೆ, ಅವೇ ಒಂದಷ್ಟು ಕಾವಲು ಮಾಡುತ್ತವೆ. 2014ರಿಂದೀಚೆಗೆ ನಮ್ಮ ದೇಶಕ್ಕೆ ಬಂದು ನಮ್ಮನ್ನೆಲ್ಲ ಹಣ್ಣು ಮಾಡಿದ ಟ್ಯೂಟಾ ಹುಳ ಟೊಮೆಟೊ, ಆಲೂಗಡ್ಡೆ, ಬದನೆಯ ಕುಲದ ಗಿಡಗಳಲ್ಲಿ ಬೆಳೆಯುವಂಥದ್ದು, ತಂಗಡಿ ಆ ಕುಲದ್ದಲ್ಲ. ಬಿಳಿನೊಣದ ಮೇಲೆ ಮಾತ್ರ ಕಣ್ಣಿಡಿ. ಟೊಮೆಟೊ ಸುತ್ತ ಯಾವ ಗಿಡವಿದ್ದರೂ ವಾರಕ್ಕೊಮ್ಮೆ ಎಲೆಯ ಅಡಿಭಾಗ ತಿರುಗಿಸಿ ನೋಡುವುದು ಒಳ್ಳೆಯದು, ಕಂಡರೆ ಆ ರೆಂಬೆ ಕತ್ತರಿಸಿ ಹಾಕಿ. ಬೇಳೆಕಾಳಿನ ಜಾತಿಗೆ ಸೇರಿದ ಗಿಡವಾದ್ದರಿಂದ ಬೇರಿನಲ್ಲಿ ಗಂಟು ಕಟ್ಟಿ ಸಾರಜನಕ ಕೊಡುತ್ತದೆ ಎಂದು ಕೆಲವರು ಹೇಳುವುದುಂಟು. ತಂಗಡಿ ಗಂಟು ಕಟ್ಟುವುದಿಲ್ಲ. ಇಲ್ಲದ ಗುಣ ಹೇಳಿ ಒಪ್ಪಿಸುವುದು ನನಗೆ ಬೇಡ. ಇರುವ ಗುಣವೇ ಸಾಕಷ್ಟಿದೆ: ಆಳಕ್ಕಿಳಿಯುವ ಬೇರು ಬದುವಿನ ಮಣ್ಣನ್ನು ಹಿಡಿದಿಡುತ್ತದೆ, ಸೊಪ್ಪು ಗೊಬ್ಬರಕ್ಕಾಗುತ್ತದೆ.

ಬಿತ್ತುವುದು ಹೇಗೆ? ಕಾಯಿ ಒಣಗಿ ಕಾಗದದಂತೆ ತೆಳುವಾಗಿ ಕಂದು ಬಣ್ಣಕ್ಕೆ ತಿರುಗಿದಾಗ ಕೊಯ್ದು ಬಿಸಿಲಿಗೆ ಹರಡಿ ಬಡಿದರೆ ಬೀಜ ಬೇರೆಯಾಗುತ್ತದೆ. ಸಿಪ್ಪೆ ಬಹಳ ಗಟ್ಟಿ, ಹಾಗೆಯೇ ಹಾಕಿದರೆ ಕೆಲವು ಬೀಜ ಒಂದೆರಡು ಮಳೆಗಾಲ ಮಣ್ಣಿನಲ್ಲೇ ಮಲಗಿರಬಹುದು. ನೀರನ್ನು ಕುದಿಸಿ, ಒಲೆಯಿಂದ ಕೆಳಗಿಳಿಸಿ, ಕುದಿತ ನಿಂತಮೇಲೆ ಬೀಜ ಸುರಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಆ ದಿನವೇ ಬಿತ್ತಿ. ಉಬ್ಬದಿದ್ದವನ್ನು ದಪ್ಪ ಮರಳಿನ ಜೊತೆ ಕೈಯಲ್ಲಿ ಚೆನ್ನಾಗಿ ಉಜ್ಜಿ ಮತ್ತೆ ನೆನೆಸಿ. ನೆಲ ಹಸಿಯಾಗಿ ಎರಡು ಮಳೆ ಬಿದ್ದಮೇಲೆ ಬದುವಿನ ಇಳಿಜಾರಿನಲ್ಲಿ, ನೆತ್ತಿಯ ಮೇಲಲ್ಲ, ಮೂರು ಅಡಿಗೊಂದು ಗುಳಿಯಂತೆ ಮೂರು ನಾಲ್ಕು ಬೀಜ, ಅರ್ಧ ಅಂಗುಲ ಆಳಕ್ಕೆ ಹಾಕಿ. ತಾಯಿಬೇರು ಬೇಗ ಇಳಿಯುವುದರಿಂದ ಕಿತ್ತು ನೆಡುವುದಕ್ಕಿಂತ ಇದ್ದಲ್ಲೇ ಬಿತ್ತುವುದು ಮೇಲು. ಚೀಲದಲ್ಲಿ ಸಸಿ ಮಾಡಿದರೆ ಚಿಕ್ಕದಿರುವಾಗಲೇ ನೆಟ್ಟುಬಿಡಿ. ಮೊದಲ ಬೇಸಿಗೆ ಎರಡು ಮೂರು ಸಲ ಕೊಡದಲ್ಲಿ ನೀರು ಕೊಟ್ಟರೆ ಚೆಂದ, ಕೊಡದಿದ್ದರೂ ಹೆಚ್ಚಿನವು ಉಳಿಯುತ್ತವೆ. ಡ್ರಿಪ್ ಪೈಪಿನ ಪಕ್ಕ ಮಾತ್ರ ಹಾಕಬೇಡಿ, ಸದಾ ಹಸಿ ಇರುವ ಜಾಗ ಅದಕ್ಕೆ ಆಗದು. ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಪೊದೆ ಕಟ್ಟಿ ಹೂ ಹೆಚ್ಚು ಬಿಡುತ್ತದೆ, ಹೊಲದ ಮೇಲೆ ನೆರಳೂ ಬೀಳುವುದಿಲ್ಲ.

ಬೀಜ ಆರಿಸುವಾಗ ಎಚ್ಚರ ಬೇಕು. ಹಳದಿ ಹೂವಿನ ಎಲ್ಲ ಗಿಡವೂ ತಂಗಡಿಯಲ್ಲ. ಅಂದದ ಮರವೆಂದು ಹೊರದೇಶದಿಂದ ತಂದ ಸೆನ್ನಾ ಸ್ಪೆಕ್ಟಾಬಿಲಿಸ್ ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿ ಹಬ್ಬಿ ಅಲ್ಲಿಯ ಗಿಡಗಳನ್ನು ಮೇಲೇಳದಂತೆ ಮಾಡಿದೆ. ಅದನ್ನು ಯಾರು ಪುಕ್ಕಟೆ ಕೊಟ್ಟರೂ ತರಬೇಡಿ. ಸಾಲುಮರಕ್ಕೆ ನೆಡುವ ಸೀಮೆ ತಂಗಡಿಯೂ ಬೇರೆ, ಅದು ದೊಡ್ಡ ಮರ. ನಮ್ಮ ತಂಗಡಿಯ ಗುರುತು ಸುಲಭ: ಅದು ಪೊದೆಯಾಗಿಯೇ ಉಳಿಯುತ್ತದೆ, ಮತ್ತು ಪ್ರತಿ ಎಲೆಯ ಬುಡದಲ್ಲಿ ಕಿವಿಯಾಕಾರದ ಎರಡು ಅಗಲ ಹಸಿರು ತುಣುಕುಗಳು ಕಾಂಡವನ್ನು ಅಪ್ಪಿಕೊಂಡಿರುತ್ತವೆ.

ಗಿಡ ಬೆಳೆಸಿ ಔಷಧಿಯಲ್ಲಿ ಹುಳ ಕೊಂದರೆ ಎಲ್ಲ ವ್ಯರ್ಥ. ಔಷಧಿ ಹೊಡೆಯಲೇಬಾರದು ಎಂದು ನಿಮಗೆ ಹೇಳುವ ಧೈರ್ಯ ನನಗಿಲ್ಲ, ನಷ್ಟದ ಬಾಧೆ ಉಂಡವರು ನೀವು. ಹೊತ್ತು ಬದಲಾಯಿಸಿ ಎಂದು ಮಾತ್ರ ಬೇಡುತ್ತೇನೆ. ದುಂಬಿ ಹೂವಿಗೆ ಬರುವುದು ಹೆಚ್ಚಾಗಿ ಬೆಳಗಿನಲ್ಲಿ, ಆದ್ದರಿಂದ ಸಿಂಪಡಣೆ ಸಂಜೆ ಬಿಸಿಲಿಳಿದ ಮೇಲೆ ಇರಲಿ. ಇಮಿಡಾಕ್ಲೋಪ್ರಿಡ್‌ನಂಥವು ಗಿಡದ ರಸದೊಳಗೆ ಸೇರಿ ಪರಾಗದವರೆಗೂ ಹೋಗುತ್ತವೆ, ಅಂಥವನ್ನು ಹೂ ಬಿಟ್ಟಮೇಲೆ ಬಳಸಬೇಡಿ. ಬದುವಿನ ಮೇಲೆ ಗಾಳಿಗೆ ಔಷಧಿಯ ತುಂತುರು ತೂರದಂತೆ ನೋಡಿ.

ಮತ್ತೆ ಗೂಡು. ಟೊಮೆಟೊ ಕಡ್ಡಿಗಳಲ್ಲಿ ಹಳತಾದವನ್ನೆಲ್ಲ ಒಲೆಗೆ ಹಾಕದೆ, ಒಣಬಿದಿರಿನ ಹತ್ತು ತುಂಡು ಸೇರಿಸಿ ಒಂದು ಕಟ್ಟು ಕಟ್ಟಿ ಪಂಪ್‌ಹೌಸಿನ ಸೂರಿನಡಿ, ಮಳೆ ತಾಗದ ಕಡೆ ಅಡ್ಡಲಾಗಿ ತೂಗುಹಾಕಿ. ಕರಿ ದುಂಬಿಗೆ ಅದು ಮನೆ. ಗಂಡಿಗೆ ಕೊಂಡಿ ಇಲ್ಲ, ಹೆಣ್ಣೂ ಹಿಡಿದು ಹಿಂಸಿಸಿದರೆ ಹೊರತು ಕಚ್ಚುವುದಿಲ್ಲ. ಮಕ್ಕಳಿಗೆ ಹೇಳಿಕೊಡಿ. ಬದುವಿನ ಒಂದು ಮಾರು ಜಾಗವನ್ನು ಅಗೆಯದೆ, ಪೇಪರ್ ಮುಚ್ಚದೆ ಬಿಟ್ಟರೆ ನೀಲಿಪಟ್ಟೆಗೆ ಅಷ್ಟೇ ಸಾಕು.

ಕಳೆ ಕೀಳಲು ಹೋಗುವ ಅಕ್ಕಂದಿರಿಗೆ ಒಂದು ಮಾತು. ಯಾವ ಗಿಡ ಉಳಿಯಬೇಕು, ಯಾವುದು ಹೋಗಬೇಕು ಎನ್ನುವುದು ಕೊನೆಗೆ ನಿಮ್ಮ ಕುಡುಗೋಲಿನಲ್ಲಿದೆ. ಮೊದಲ ವರ್ಷದ ತಂಗಡಿ ಸಸಿ ಗೇಣುದ್ದ ಇರುತ್ತದೆ, ಬೇರೆ ಕಳೆಯ ಜೊತೆ ಸುಲಭಕ್ಕೆ ಹೋಗಿಬಿಡುತ್ತದೆ. ಗುಳಿಯ ಪಕ್ಕ ಒಂದು ಕಡ್ಡಿ ಚುಚ್ಚಿ ಗುರುತು ಮಾಡಿ ಎಂದು ಹೊಲದವರಿಗೆ ನೀವೇ ಹೇಳಿ.

ಒಂದು ಹೊಲದಲ್ಲಿ ಬಿತ್ತಿದರೆ ಪಕ್ಕದವರಿಗೂ ಲಾಭ, ಯಾಕೆಂದರೆ ದುಂಬಿಗೆ ಸರ್ವೆ ನಂಬರ್ ಇಲ್ಲ. ಅದಕ್ಕಾಗಿಯೇ ಇದನ್ನು ಒಬ್ಬರಿಗೆ ಹೇಳದೆ ಎಲ್ಲರಿಗೂ ಬರೆದದ್ದು. ನಿಮ್ಮೂರ ಗೋಮಾಳದಲ್ಲಿ, ಕೆರೆಯ ಪಕ್ಕದಲ್ಲಿ ಹಳೇ ತಂಗಡಿ ಗುಂಪು ಇನ್ನೂ ಉಳಿದಿರುತ್ತದೆ. ಸಂಕ್ರಾಂತಿ ಕಳೆದು ಬಿಸಿಲು ಏರುವ ಮುಂಚೆ ಅಲ್ಲಿಂದ ಒಣಕಾಯಿ ತಂದಿಡಿ, ಅರ್ಧದಷ್ಟನ್ನು ಗಿಡದಲ್ಲೇ ಬಿಡಿ. ಬೀಜಕ್ಕೆ ಬೂದಿ ಬೆರೆಸಿ ಡಬ್ಬಿಯಲ್ಲಿ ಹಾಕಿದರೆ ಕೆಡುವುದಿಲ್ಲ. ಹೆಚ್ಚಾದದ್ದನ್ನು ಹಾಲಿನ ಡೇರಿಯಲ್ಲಿ ಒಂದು ಪೊಟ್ಟಣ ಕಟ್ಟಿ ಇಡಿ. ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವವರು ತೆಗೆದುಕೊಂಡು ಹೋಗಲಿ.

ಇತಿ,
ನಿಮ್ಮೊಳಗಿನ ಒಬ್ಬ ಬೆಳೆಗಾರ